ಮೇಷ್ಟ್ರು ಬಿಟ್ಟುಹೋದ ಒಣಗಿಡದ ಹಾಳೆ, ಸೀಸೆ, ಟಿಪ್ಪಣಿ ಪುಸ್ತಕಗಳನ್ನು ಉಳಿಸುವುದು ಹೇಗೆ?

ಚಂದ್ರವಳ್ಳಿ ಓದುಗ (ಪ್ರಶ್ನೆ)

ಚಿತ್ರದುರ್ಗದಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾಗಿದ್ದ ನಮ್ಮ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಹೆಸರು ಹಾಕುವುದು ಬೇಡ ಎಂದು ಮನೆಯವರು ಕೇಳಿಕೊಂಡಿದ್ದಾರೆ. ಅವರ ಹತ್ತಿರ ಓದಿದವರಿಗೆ ಹೆಸರು ಹೇಳದೆಯೂ ಗೊತ್ತಾಗುತ್ತದೆ. ಭಾನುವಾರ ಬೆಳಗ್ಗೆ ಜೋಗಿಮಟ್ಟಿ ದಾರಿಯಲ್ಲಿ ಯಾರು ಜೊತೆಗೆ ಬಂದರೂ ಗಿಡ ತೋರಿಸುತ್ತ ನಡೆಯುತ್ತಿದ್ದವರು ಅವರು. ನಿವೃತ್ತಿಯಾದ ಮೇಲೂ ಸ್ವಂತ ಮೈಕ್ರೋಸ್ಕೋಪ್ ಹೊತ್ತುಕೊಂಡು ಹಳ್ಳಿ ಹೈಸ್ಕೂಲುಗಳಿಗೆ ಹೋಗಿ ಈರುಳ್ಳಿ ಸಿಪ್ಪೆಯ ಜೀವಕೋಶ ತೋರಿಸುತ್ತಿದ್ದರು. ಎನ್ನೆಸ್ಸೆಸ್ ಶಿಬಿರ ಇರಲಿ, ರಕ್ತದಾನ ಇರಲಿ, ಕರೆಯುವ ಮೊದಲೇ ಬಂದು ನಿಂತಿರುತ್ತಿದ್ದರು.

ಈಗ ಅವರ ಕೋಣೆಯಲ್ಲಿ ಸುಮಾರು ನಾನೂರು ಒಣಗಿಡದ ಹಾಳೆಗಳಿವೆ. ಇನ್ನೂ ಅಂಟಿಸದೆ ಹಳೇ ಪೇಪರಿನಲ್ಲೇ ಇರುವ ಗಿಡಗಳ ಕಟ್ಟು ಬೇರೆ. ಮೂವತ್ತು ನಲವತ್ತು ಸೀಸೆ, ಎರಡು ಟ್ರಂಕು ತುಂಬ ಟಿಪ್ಪಣಿ ಪುಸ್ತಕ. ಮನೆಯವರು ಮೂರು ತಿಂಗಳಲ್ಲಿ ಕೋಣೆ ಖಾಲಿ ಮಾಡಬೇಕು. ವರ್ಷದ ಹೊತ್ತಿಗೆ ಅವರ ಬದುಕಿನ ಮೇಲೆ ಒಂದು ಪುಸ್ತಕ ತರಬೇಕು, ಭಾನುವಾರದ ನಡಿಗೆ ನಿಲ್ಲಬಾರದು ಎಂದು ಹಳೆಯ ವಿದ್ಯಾರ್ಥಿಗಳ ಆಸೆ. ಯಾವುದನ್ನು ಮೊದಲು ಮಾಡಬೇಕು? ಏನು ಮಾಡಬಾರದು? ಬಲ್ಲವರು ವಿವರವಾಗಿ ಹೇಳಿ.

ಹಾಳೆ ಸೂಜಿ ದಾರ

ಮೇಷ್ಟ್ರಿಗೆ ನಮಸ್ಕಾರ. ಹಾಳೆಗಳ ವಿಷಯ ಮಾತ್ರ ಹೇಳುತ್ತೇನೆ.

ಮೊದಲ ದಿನ ಏನನ್ನೂ ಜರುಗಿಸಬೇಡಿ, ಜೋಡಿಸಬೇಡಿ, ಧೂಳು ಹೊಡೆಯಬೇಡಿ. ಕಪಾಟು, ಕಟ್ಟು, ಟ್ರಂಕು ಎಲ್ಲ ಇದ್ದ ಹಾಗೇ ಫೋಟೊ ತೆಗೆಯಿರಿ. ಪ್ರತಿ ಕಟ್ಟಿಗೂ ಒಂದು ಗುರುತು ಕೊಡಿ, ಒಳಗಿನ ಹಾಳೆಗಳ ಕ್ರಮ ತಪ್ಪಿಸಬೇಡಿ. ಚೀಟಿ ಇಲ್ಲದ ಗಿಡ ಎಲ್ಲಿಯದು ಎಂದು ಹೇಳುವುದು ಹೆಚ್ಚಿನ ಸಲ ಅದರ ಮೇಲೆ ಕೆಳಗೆ ಇದ್ದ ಹಾಳೆಗಳೇ. ಗಿಡದ ಜಾತಿ ಪ್ರಕಾರ ಚೆಂದವಾಗಿ ಜೋಡಿಸಿಡೋಣ ಎಂದು ಯಾರಾದರೂ ಉತ್ಸಾಹದಿಂದ ಕೈ ಹಾಕಿದರೆ ಆ ಸುಳಿವು ಅಂದೇ ಹೋಯಿತು.

ಅಂಟಿಸದ ಗಿಡಗಳಿರುವ ಹಳೇ ಪೇಪರನ್ನೂ ಎಸೆಯಬೇಡಿ. ಅದರ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಊರಿನ ಹೆಸರೋ ಸಂಖ್ಯೆಯೋ ಇರುತ್ತದೆ. ಆ ಸಂಖ್ಯೆ ಟಿಪ್ಪಣಿ ಪುಸ್ತಕದಲ್ಲೂ ಸಿಕ್ಕರೆ ಆ ಗಿಡದ ಪೂರ್ತಿ ಜಾತಕ ಸಿಕ್ಕ ಹಾಗೆ. ಪೇಪರಿನ ಮೇಲೆ ಅಚ್ಚಾದ ತಾರೀಖು ಗಿಡ ಒತ್ತಿದ ತಾರೀಖಲ್ಲ, ಎಚ್ಚರ. ಅದಕ್ಕಿಂತ ಹಿಂದೆ ಒತ್ತಿಲ್ಲ ಎನ್ನುವುದಕ್ಕೆ ಮಾತ್ರ ಅದು ಸಾಕ್ಷಿ.

ಇನ್ನು ವಿಷದ ಮಾತು. ನಮ್ಮ ದೇಶದ ಹಳೆಯ ಸಂಗ್ರಹಗಳಲ್ಲಿ ಹುಳ ತಿನ್ನಬಾರದೆಂದು ಗಿಡಗಳನ್ನು ಆಲ್ಕೋಹಾಲಿನಲ್ಲಿ ಕರಗಿಸಿದ ಮರ್ಕ್ಯುರಿಕ್ ಕ್ಲೋರೈಡಿನಲ್ಲಿ ಅದ್ದುವ ರೂಢಿ ಇತ್ತು. ಅದು ಪಾದರಸದ ಲವಣ, ಕಡು ವಿಷ. ಎಷ್ಟು ವರ್ಷವಾದರೂ ಹಾಳೆಯಲ್ಲೇ ಇರುತ್ತದೆ. ಗಿಡದ ಸುತ್ತ ಕಾಗದ ಬೂದು ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಅನುಮಾನ ಪಡಿ. ಕಲೆ ಇಲ್ಲ ಎಂದ ಮಾತ್ರಕ್ಕೆ ವಿಷ ಇಲ್ಲ ಎನ್ನಲಾಗದು, ಹಾಗಾಗಿ ಎಲ್ಲ ಹಾಳೆಗೂ ಒಂದೇ ನಿಯಮ ಇಟ್ಟುಕೊಳ್ಳಿ. ನೈಟ್ರೈಲ್ ಕೈಗವಸು, ಕಿಟಕಿ ತೆರೆದ ಕೋಣೆ, ಕೆಳಗೆ ಬಿಸಾಡಬಹುದಾದ ಕಾಗದದ ಹಾಸು. ಆ ಮೇಜಿನ ಹತ್ತಿರ ಚಹಾ, ಮಂಡಕ್ಕಿ ಬೇಡ. ಮಕ್ಕಳನ್ನು ಈ ಕೆಲಸಕ್ಕೆ ಕೂರಿಸಬೇಡಿ. ಉದುರಿದ ಪುಡಿಯನ್ನು ಗುಡಿಸಬೇಡಿ, ಒದ್ದೆ ಕಾಗದದಿಂದ ಒರೆಸಿ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ.

ಹುಳಕ್ಕೆ ಮದ್ದು ಎಂದರೆ ಶೀತ. ಹಾಳೆಯ ಮೇಲೆ ನುಣ್ಣನೆ ಪುಡಿ, ಹೂವಿನ ತಲೆಯಲ್ಲಿ ಸೂಜಿಮೊನೆಯಷ್ಟು ತೂತು ಕಂಡರೆ 2–3 ಮಿಲಿಮೀಟರ್ ಉದ್ದದ ಕೆಂಗಂದು ಜೀರುಂಡೆ ಒಳಗಿದೆ ಎಂದರ್ಥ. ಸಿಗರೇಟು ಜೀರುಂಡೆ ಎಂದು ಕರೆಯುವುದು ಇದನ್ನೇ. ಹತ್ತು ಹದಿನೈದು ಹಾಳೆಗಳ ತೆಳು ಕಟ್ಟು ಮಾಡಿ, ಎರಡೂ ಕಡೆ ರಟ್ಟು ಕೊಟ್ಟು, ದಪ್ಪ ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ಬಿಗಿಯಾಗಿ ಮುಚ್ಚಿ. ಮೈನಸ್ 18 ಡಿಗ್ರಿ ತಲುಪುವ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಅದರಲ್ಲಿ ತಿನ್ನುವ ಪದಾರ್ಥ ಇರಬಾರದು. ಮನೆ ಫ್ರಿಜ್ಜಿನ ಐಸ್ ಖಾನೆಯಲ್ಲಿ ಬಾಗಿಲು ತೆಗೆದಾಗಲೆಲ್ಲ ಶೀತ ಕಡಿಮೆಯಾಗುವುದರಿಂದ ಮೊಟ್ಟೆ ಸಾಯುವುದಿಲ್ಲ. ಹೊರಗೆ ತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ. ತಣ್ಣನೆ ಹಾಳೆಗೆ ಹೊರಗಿನ ಗಾಳಿ ತಾಗಿದರೆ ನೀರು ಕೂತು ಬೂಷ್ಟು ಹಿಡಿಯುತ್ತದೆ. ಬಹಳ ಜನ ತಪ್ಪುವುದು ಇಲ್ಲೇ.

ನುಸಿಗುಳಿಗೆ ಹುಳವನ್ನು ದೂರ ಇಡಬಹುದು, ಒಳಗೆ ಸೇರಿದ ಮರಿಯನ್ನು ಕೊಲ್ಲುವುದಿಲ್ಲ. ಬೇವಿನ ಸೊಪ್ಪು ಅರೆಹಸಿ ಇದ್ದರೆ ಅದೇ ತೇವ ತರುತ್ತದೆ. ಬಿಸಿಲಿಗೆ ಹರವುವುದಂತೂ ಬೇಡವೇ ಬೇಡ, ಬಣ್ಣ ಹೋಗಿ ಎಲೆ ಪುಡಿಯಾಗುತ್ತದೆ.

ಕೊನೆಗೆ, ಇವನ್ನು ಮನೆಮನೆಗೆ ಹಂಚಿಕೊಳ್ಳಬೇಡಿ. ಸಂಗ್ರಹ ಒಂದೇ ಕಡೆ ಇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಜೆಸಿಬಿ ಎಂಬ ಸಂಕೇತದ ಹರ್ಬೇರಿಯಂ, ಅಂದರೆ ಒಣಗಿಡಗಳ ಸಂಗ್ರಹಾಲಯ, ಇದೆ. ಔಷಧಿ ಗಿಡಗಳಿಗೆ ಎಫ್‌ಆರ್‌ಎಲ್‌ಎಚ್, ದಕ್ಷಿಣ ಭಾರತಕ್ಕೆಲ್ಲ ಕೊಯಮತ್ತೂರಿನ ಭಾರತೀಯ ಸಸ್ಯ ಸರ್ವೇಕ್ಷಣೆಯ ಎಂಎಚ್ ಎಂಬ ಹರ್ಬೇರಿಯಂಗಳೂ ಇವೆ. ಹೊತ್ತುಕೊಂಡು ಹೋಗುವ ಮೊದಲು ಪಟ್ಟಿ ಮತ್ತು ಇಪ್ಪತ್ತು ಹಾಳೆಗಳ ಫೋಟೊ ಕಳಿಸಿ ಕೇಳಿ. ಊರು ತಾರೀಖು ಎರಡೂ ಇಲ್ಲದ ಹಾಳೆ ಎಷ್ಟೇ ಸುಂದರವಾಗಿದ್ದರೂ ಅವರಿಗೆ ಬೇಡ. ಪಾದರಸದ ಅನುಮಾನವನ್ನು ಪತ್ರದಲ್ಲಿ ಮೊದಲೇ ಬರೆಯಿರಿ.

ದಾವಣಗೆರೆ ಪ್ರಯೋಗಶಾಲೆ

ಸೀಸೆಗಳ ಬಗ್ಗೆ. ಒಳಗೆ ಇರುವುದು ಫಾರ್ಮಲಿನ್ನೋ ಆಲ್ಕೋಹಾಲೋ ಎಂದು ತಿಳಿಯದೆ ಏನನ್ನೂ ಸುರಿಯಬೇಡಿ. ಮೂಸಿ ನೋಡುವುದು ಬೇಡ, ಫಾರ್ಮಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ಖಚಿತವಾದ ರಾಸಾಯನಿಕ. ಪಿಪೆಟ್ಟಿನಲ್ಲಿ 10 ಮಿಲಿ ತೆಗೆದು ತೂಗಿ. ಬಳಕೆಯ 10% ಫಾರ್ಮಲಿನ್ ಆದರೆ 10 ಗ್ರಾಂ ಅಥವಾ ಕೂದಲೆಳೆಯಷ್ಟು ಹೆಚ್ಚು ತೂಗುತ್ತದೆ. 70% ಆಲ್ಕೋಹಾಲಾದರೆ 8.9 ಗ್ರಾಂ ಆಸುಪಾಸು. ನಡುವೆ ಎಲ್ಲೋ ಬಂದರೆ ಆಲ್ಕೋಹಾಲು ಆವಿಯಾಗಿ ನೀರಿನ ಪಾಲು ಹೆಚ್ಚಾಗಿದೆ ಎಂದು ತಿಳಿಯಿರಿ. ಮಾದರಿ ಮೆತ್ತಗಾಗಿ ಕೊಳೆಯುವುದು ಆಗಲೇ. ಅಂಥ ಸೀಸೆಗೆ ಮತ್ತೆ 70% ಸುರಿದರೆ ಒಟ್ಟು ಬಲ ಕಡಿಮೆಯಾಗಿಯೇ ಉಳಿಯುತ್ತದೆ. ಹಳೆಯ ದ್ರವ ಪೂರ್ತಿ ತೆಗೆದು ಹೊಸದು ತುಂಬಬೇಕು.

ಅಳತೆ ಹೀಗೆ. 95% ಆಲ್ಕೋಹಾಲು 70 ಮಿಲಿ ತೆಗೆದುಕೊಂಡು ಭಟ್ಟಿ ಇಳಿಸಿದ ನೀರು ಸೇರಿಸಿ 95 ಮಿಲಿ ಮಾಡಿದರೆ 70% ಆಯಿತು. ಅಂಗಡಿಯ ಫಾರ್ಮಲಿನ್ 1 ಭಾಗಕ್ಕೆ ನೀರು 9 ಭಾಗ ಹಾಕಿದರೆ 10% ಫಾರ್ಮಲಿನ್. ಬಸವನಹುಳು, ಶಂಖ, ಸಣ್ಣ ಮೂಳೆ ಫಾರ್ಮಲಿನ್ನಿನಲ್ಲಿದ್ದರೆ ಕಾಲ ಕಳೆದಂತೆ ದ್ರವ ಹುಳಿಯಾಗಿ ಸುಣ್ಣದಂಶ ಕರಗುತ್ತದೆ. ಅವನ್ನು ಮೊದಲು ಆಲ್ಕೋಹಾಲಿಗೆ ಸಾಗಿಸಿ. ಪೂರ್ತಿ ಒಣಗಿಹೋದ ಸೀಸೆಗೆ ಏನೂ ಹಾಕಬೇಡಿ, ಹಾಗೇ ಮುಚ್ಚಿ ಪಕ್ಕಕ್ಕಿಡಿ.

ಈ ಕೆಲಸ ಹೊರಗಿನ ಜಗಲಿಯಲ್ಲಿ, ಕನ್ನಡಕ ಕೈಗವಸು ಹಾಕಿಕೊಂಡು ನಡೆಯಲಿ. ಹಳೆಯ ದ್ರವವನ್ನು ಬಚ್ಚಲಿಗೋ ಚರಂಡಿಗೋ ಚೆಲ್ಲಬೇಡಿ. ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಕಾಲೇಜು ಪ್ರಯೋಗಶಾಲೆಯ ರಾಸಾಯನಿಕ ತ್ಯಾಜ್ಯದ ಜೊತೆ ಕಳಿಸಿ. ಸೀಸೆಯ ಹೊರಗೆ ಅಂಟಿಸಿದ ಚೀಟಿ ಬಿದ್ದುಹೋಗುತ್ತದೆ, ಅದಕ್ಕೇ ಹಳಬರು ದಪ್ಪ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ಸೀಸೆಯ ಒಳಗೇ ಇಳಿಬಿಡುತ್ತಿದ್ದರು. ಸೀಸಕಡ್ಡಿ ಯಾವ ದ್ರವದಲ್ಲೂ ಕರಗುವುದಿಲ್ಲ. ನಿಮ್ಮ ಮೇಷ್ಟ್ರು ಹಾಗೆ ಮಾಡಿದ್ದಾರಾ ನೋಡಿ. ಮಾಡಿದ್ದರೆ ಅರ್ಧ ಕೆಲಸ ಅವರೇ ಮುಗಿಸಿದ್ದಾರೆ.

ಇನ್ನೊಂದು ಮಾತು, ಅಲಕ್ಷ್ಯ ಮಾಡಬೇಡಿ. ನಾಗರಹಾವು, ಉಡ, ಚಿಪ್ಪುಹಂದಿ, ನಕ್ಷತ್ರ ಆಮೆ ಇವುಗಳ ಮರಿ, ಚಿಪ್ಪು, ಚರ್ಮ ಏನಿದ್ದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತದೆ. ನೆನಪಿಗೆಂದು ಒಬ್ಬೊಬ್ಬರು ಒಂದೊಂದು ಒಯ್ಯುವುದು ಸಲ್ಲದು. ಪಟ್ಟಿ ಮಾಡಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಬರಹದಲ್ಲಿ ಕೊಟ್ಟು, ಅವರು ಹೇಳಿದಂತೆ ಮಾಡಿ. ಮನೆಯವರು ತಾವಾಗಿಯೇ ತಿಳಿಸುವುದು ಅವರಿಗೇ ಒಳ್ಳೆಯದು.

ಚಂದ್ರವಳ್ಳಿ ಓದುಗ

ಇಬ್ಬರಿಗೂ ಶರಣು. ಸೀಸೆಗಳ ಒಳಗೆ ಪೆನ್ಸಿಲ್ ಚೀಟಿ ಇದೆ! ಎಲ್ಲದರಲ್ಲೂ.

ಹಾಳೆಗಳಲ್ಲಿ ಸುಮಾರಿಗೆ ಬೂದು ಕಲೆ ಇದೆ. ಈಗ ಮೂರು ಅನುಮಾನ. ಒಂದು, ಬಿಟ್ಟುಹೋದ ಎಲೆಗಳನ್ನು ಫೆವಿಕಾಲ್ ಹಾಕಿ ಅಂಟಿಸಿ, ಹಾಳೆಗಳನ್ನು ಲ್ಯಾಮಿನೇಷನ್ ಮಾಡಿಸಬೇಕೆಂದು ಗುಂಪಿನಲ್ಲಿ ಕೆಲವರು ಹೇಳುತ್ತಿದ್ದಾರೆ. ಎರಡು, ಚೀಟಿಗಳಲ್ಲಿ ‘ಜಗಳೂರು, ಚಿತ್ರದುರ್ಗ ಜಿಲ್ಲೆ’ ಎಂದಿದೆ, ಗಿಡಗಳ ಲ್ಯಾಟಿನ್ ಹೆಸರುಗಳೂ ಹಳೆಯವು. ತಿದ್ದಬೇಕಾ? ಮೂರು, ಟಿಪ್ಪಣಿ ಪುಸ್ತಕದಲ್ಲಿ ಎಷ್ಟೋ ಕಡೆ ತಾರೀಖೇ ಇಲ್ಲ. ‘ರೋಹಿಣಿ ಮಳೆ ಬಿದ್ದ ಮೂರನೇ ದಿನ’ ಎಂದೆಲ್ಲ ಬರೆದಿದ್ದಾರೆ.

ಹಾಳೆ ಸೂಜಿ ದಾರ

ಲ್ಯಾಮಿನೇಷನ್ ದಯವಿಟ್ಟು ಬೇಡ. ಬಿಸಿ ಉರುಳೆಯ ಕೆಳಗೆ ಗಿಡ ಚಪ್ಪಟೆಯಾಗಿ ಒಡೆಯುತ್ತದೆ, ಪಾದರಸದ ಲವಣ ಇದ್ದರೆ ಆ ಬಿಸಿಗೆ ಆವಿಯಾಗುತ್ತದೆ. ಪ್ಲಾಸ್ಟಿಕ್ ಹತ್ತಿದ ಮೇಲೆ ಹೂವನ್ನು ಬಿಡಿಸಿ ಭೂತಗನ್ನಡಿಯಲ್ಲಿ ನೋಡುವ ದಾರಿ ಕಾಯಮ್ಮಾಗಿ ಮುಚ್ಚಿತು. ಫೆವಿಕಾಲ್ ಒಣಗಿದರೆ ಬಿಡಿಸಲು ಬರುವುದಿಲ್ಲ. ಸೆಲ್ಲೋಟೇಪು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಂಟು ಬಿಟ್ಟು ಹಾಳೆಗೆ ಕಲೆ ಮಾಡುತ್ತದೆ.

ಬಿದ್ದ ಎಲೆ, ಕಾಯಿ, ಬೀಜವನ್ನು ಅಂಟಿಸಲೇಬೇಕೆಂದಿಲ್ಲ. ಬಿಳಿ ಕಾಗದದಲ್ಲಿ ಸಣ್ಣ ಪೊಟ್ಟಣ ಮಡಚಿ ಅದರೊಳಗೆ ಹಾಕಿ, ಅದೇ ಹಾಳೆಯ ಖಾಲಿ ಮೂಲೆಗೆ ಸೇರಿಸಿ. ದಪ್ಪ ಕಡ್ಡಿ ಅಲುಗಾಡುತ್ತಿದ್ದರೆ ಬಿಳಿ ಹತ್ತಿ ದಾರದಲ್ಲಿ ಹೊಲಿದು ಹಿಂದೆ ಗಂಟು ಹಾಕಿ. ಹೊಸ ಹಾಳೆ ಬೇಕಾದರೆ ಸುಮಾರು 28 ಗುಣಿಸು 42 ಸೆಂಟಿಮೀಟರ್ ಅಳತೆಯ, ಆಮ್ಲ ಇಲ್ಲದ ಗಟ್ಟಿ ಕಾಗದ ಕೇಳಿ. ಚೀಟಿ ಕೆಳಗಿನ ಬಲಮೂಲೆಯಲ್ಲಿರಬೇಕು. ಹಳೆಯ ಹಾಳೆ ಹರಿದಿದೆ ಎಂದು ಗಿಡವನ್ನು ಕಿತ್ತು ಹೊಸದಕ್ಕೆ ವರ್ಗ ಮಾಡಬೇಡಿ. ಹಳೆಯ ಹಾಳೆಯನ್ನೇ ಹೊಸದರ ಮೇಲೆ ಕೂರಿಸಿ. ಚೀಟಿಯೂ ಗಿಡವೂ ಒಂದು ಗಳಿಗೆ ಬೇರೆಯಾದರೂ ತಪ್ಪು ಜೋಡಿಯಾಗುವ ಅಪಾಯ ಇದೆ.

ಶೀತದಿಂದ ಹೊರಗೆ ತೆಗೆದದ್ದನ್ನು ಉಕ್ಕಿನ ಬೀರುವಿನಲ್ಲಿ ಅಡ್ಡಡ್ಡ ಮಲಗಿಸಿಡಿ. ನಮ್ಮ ಸೀಮೆಯಲ್ಲಿ ಬೇಸಿಗೆಯ ಒಣಹವೆ ಹಾಳೆಗೆ ಒಳ್ಳೆಯದೇ. ತೊಂದರೆ ಬರುವುದು ಆಷಾಢದ ಗಾಳಿಯ ಧೂಳಿನಿಂದ, ಆಮೇಲೆ ಹಿಂಗಾರಿನ ತೇವದಿಂದ. ತೇವಮಾಪಕ ಒಂದು ಒಳಗೆ ಇರಲಿ. 40ರಿಂದ 55% ನಡುವೆ ಇದ್ದರೆ ನೆಮ್ಮದಿ, 65% ದಾಟಿ ಅಲ್ಲೇ ನಿಂತರೆ ಬೂಷ್ಟು. ಸಿಲಿಕಾ ಜೆಲ್ ಪೊಟ್ಟಣ ಇಟ್ಟರೆ ಬಣ್ಣ ತಿರುಗಿದಾಗ ಮರೆಯದೆ ಬದಲಿಸಬೇಕು, ಇಲ್ಲದಿದ್ದರೆ ಇಟ್ಟೂ ಇಡದ ಹಾಗೆ.

ಜಗಳೂರು ಸೀಮೆ

ಎರಡನೆಯ ಮೂರನೆಯ ಅನುಮಾನಕ್ಕೆ ಉತ್ತರ. ಮೇಷ್ಟ್ರ ಕೈಬರಹದ ಚೀಟಿಯ ಮೇಲೆ ಒಂದು ಅಕ್ಷರವನ್ನೂ ತಿದ್ದಬೇಡಿ. ಅವರು ಬರೆದದ್ದು ಆ ದಿನಕ್ಕೆ ಸರಿಯೇ ಇತ್ತು. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ಕ್ಕೆ. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ ಬಂದವು. ಹರಪನಹಳ್ಳಿಯದು ಇನ್ನೂ ಸುತ್ತು ದಾರಿ: ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಒಂದೇ ಗುಡ್ಡದ ಮೂರು ಹಾಳೆಗಳಲ್ಲಿ ಮೂರು ಜಿಲ್ಲೆಯ ಹೆಸರಿದ್ದರೂ ಮೂರೂ ನಿಜವಾಗಿರಬಹುದು. ಗಣಕದ ಪಟ್ಟಿಯಲ್ಲಿ ‘ಚೀಟಿಯಲ್ಲಿ ಇದ್ದಂತೆ’ ಎಂದು ಒಂದು ಕಾಲಂ, ‘ಈಗಿನ ತಾಲ್ಲೂಕು, ಜಿಲ್ಲೆ’ ಎಂದು ಇನ್ನೊಂದು ಕಾಲಂ ಮಾಡಿ.

ಲ್ಯಾಟಿನ್ ಹೆಸರಿಗೂ ಇದೇ ದಾರಿ. ಜಾಲಿಗೆ ಅವರು ಅಕೇಸಿಯಾ ನಿಲೋಟಿಕಾ ಎಂದು ಬರೆದಿರುತ್ತಾರೆ, ಈಗ ಅದು ವಚೆಲಿಯಾ ನಿಲೋಟಿಕಾ. ತಂಗಡಿ ಆಗ ಕ್ಯಾಸಿಯಾ ಆರಿಕ್ಯುಲೇಟಾ, ಈಗ ಸೆನ್ನಾ ಆರಿಕ್ಯುಲೇಟಾ. ದಿಂಡಿಗ ಅನೋಗೈಸಸ್ ಲ್ಯಾಟಿಫೋಲಿಯಾ ಆಗಿದ್ದದ್ದು ಟರ್ಮಿನೇಲಿಯಾ ಕುಲಕ್ಕೆ ಸೇರಿದೆ. ಕಮರ ಮಾತ್ರ ಅಂದೂ ಇಂದೂ ಹಾರ್ಡ್‌ವಿಕಿಯಾ ಬೈನೇಟಾನೇ. ಹೊಸ ಹೆಸರನ್ನು ಬೇರೆ ಸಣ್ಣ ಚೀಟಿಯಲ್ಲಿ ಬರೆದು, ಗುರುತಿಸಿದವರ ಹೆಸರು ಮತ್ತು ವರ್ಷ ಹಾಕಿ, ಹಳೆಯ ಚೀಟಿ ಮುಚ್ಚದಂತೆ ಅದರ ಮೇಲ್ಬದಿಯ ಖಾಲಿ ಜಾಗದಲ್ಲಿ ಅಂಟಿಸಬೇಕು. ಮುಂದೆ ಹೆಸರು ಮತ್ತೆ ಬದಲಾದರೆ ಇನ್ನೊಂದು ಚೀಟಿ ಬರುತ್ತದೆ. ಹಾಳೆ ಬೆಳೆಯುವುದೇ ಹಾಗೆ. ಕುರಿಗಾರರು, ಗೊಲ್ಲರಹಟ್ಟಿಯವರು ಹೇಳಿದ ಗಿಡದ ಹೆಸರನ್ನು ಅವರು ಬರೆದಿಟ್ಟಿದ್ದರೆ ಅದನ್ನು ಪುಸ್ತಕದ ಕನ್ನಡಕ್ಕೆ ‘ಸರಿಪಡಿಸಿ’ ಕೆಡಿಸಬೇಡಿ. ಲ್ಯಾಟಿನ್ ಹೆಸರು ಬೇರೆ ಕಡೆಯೂ ಸಿಗುತ್ತದೆ, ಆ ಹಟ್ಟಿಯ ಹೆಸರು ಸಿಗುವುದು ಅಲ್ಲೊಂದೇ ಕಡೆ.

ಮಳೆಯ ಲೆಕ್ಕವನ್ನು ಇದ್ದ ಹಾಗೇ ನಕಲು ಮಾಡಿ, ಪಕ್ಕದ ಕಾಲಂನಲ್ಲಿ ಅವಧಿ ಹಾಕಿ. ರೋಹಿಣಿ ಮಳೆ ಎಂದರೆ ಮೇ 25ರ ಸುಮಾರಿನಿಂದ ಜೂನ್ 7ರ ಸುಮಾರಿನವರೆಗೆ, ಆಮೇಲೆ ಮೃಗಶಿರ, ಅದು ಜೂನ್ 21ರ ತನಕ. ‘ಮಳೆ ಬಿದ್ದ ಮೂರನೇ ದಿನ’ ಎಂದಿದ್ದರೆ ಮಳೆ ಹೂಡಿದ ದಿನವೋ, ನಿಜವಾಗಿ ಹನಿ ಬಿದ್ದ ದಿನವೋ ಹೇಳಲಾಗದು. ಹಾಗಾಗಿ ಒಂದೇ ತಾರೀಖಿಗೆ ಇಳಿಸಬೇಡಿ. ಅಮಾವಾಸ್ಯೆ, ಹಬ್ಬದ ಹೆಸರು ಇದ್ದು ವರ್ಷವೂ ಗೊತ್ತಿದ್ದರೆ ಆ ವರ್ಷದ ಪಂಚಾಂಗ ನೋಡಿ ದಿನವನ್ನೇ ಹಿಡಿಯಬಹುದು.

ಜಾಗದ ಅಕ್ಷಾಂಶ ರೇಖಾಂಶ ಹಾಕುವಾಗಲೂ ಅಂದಾಜನ್ನು ಅಂದಾಜೆಂದೇ ಬರೆಯಿರಿ. ಬರೀ ‘ಜೋಗಿಮಟ್ಟಿ’ ಎಂದಿದ್ದರೆ ಗುಡ್ಡದ ತುದಿಯಲ್ಲಿ ಚುಕ್ಕೆ ಇಟ್ಟು ಸುಮ್ಮನಾಗಬೇಡಿ. ಚುಕ್ಕೆಯ ಸುತ್ತ ಎಷ್ಟು ಕಿಲೋಮೀಟರ್ ಆಚೀಚೆ ಆಗಬಹುದು ಎನ್ನುವುದೂ ಒಂದು ಕಾಲಂ. ಶ್ರೀಗಂಧ, ಮಾಕಳಿ ಬೇರು ಇಂಥವುಗಳ ನಿಖರ ಜಾಗ ಮಾತ್ರ ಸಾರ್ವಜನಿಕವಾಗಿ ಹಾಕಬೇಡಿ, ಕಡಿಯುವವರು ಅಗೆಯುವವರು ಓದುತ್ತಿರುತ್ತಾರೆ. ಅದನ್ನು ಹರ್ಬೇರಿಯಂಗೆ ಕೊಡುವ ಪ್ರತಿಯಲ್ಲಷ್ಟೇ ಇಡಿ.

ಪುಸ್ತಕಗಳ ನಕಲಿಗೆ ಸ್ಕ್ಯಾನರಿನ ಮೇಲೆ ಬೆನ್ನು ಒತ್ತಿದರೆ ಹೊಲಿಗೆ ಬಿಡುತ್ತದೆ. ಅರ್ಧ ತೆರೆದ ಪುಸ್ತಕವನ್ನು ಎರಡು ಇಟ್ಟಿಗೆಗೆ ಒರಗಿಸಿ ಮೇಲಿನಿಂದ ಫೋಟೊ ತೆಗೆಯಿರಿ. ಫ್ಲ್ಯಾಷ್ ಬೇಡ, ನೆರಳಿನ ಬೆಳಕು ಸಾಕು. ಬಿಡಿ ಹಾಳೆಗಳಿಗೆ ಸ್ಕ್ಯಾನರ್ 300 ಡಿಪಿಐ, ಮಾಸಿದ ಪೆನ್ಸಿಲ್ ಬರಹಕ್ಕೆ 400. ಬಣ್ಣದಲ್ಲೇ ತೆಗೆಯಿರಿ, ಕಪ್ಪು ಬಿಳುಪಿನಲ್ಲಿ ತೆಳು ಪೆನ್ಸಿಲ್ ಮಾಯವಾಗುತ್ತದೆ. ಖಾಲಿ ಪುಟವನ್ನೂ ರಟ್ಟಿನ ಒಳಬದಿಯನ್ನೂ ಬಿಡಬೇಡಿ. ನಕಲಿನ ಎರಡು ಪ್ರತಿಗಳು ಎರಡು ಬೇರೆ ಮನೆಗಳಲ್ಲಿರಲಿ, ಜೊತೆಗೆ ಅಂತರ್ಜಾಲದಲ್ಲಿ ಒಂದು.

ಅಚ್ಚುಮೊಳೆ

ಸ್ಮರಣ ಸಂಚಿಕೆಯ ಕುರಿತು. ಇಂಥ ಪುಸ್ತಕಗಳಲ್ಲಿ ಮೂವತ್ತು ಜನ ಬರೆದರೆ ಮೂವತ್ತೂ ಲೇಖನ ‘ಸರಳ ಸಜ್ಜನಿಕೆಯ ಮೂರ್ತಿ’ ಎಂದೇ ಶುರುವಾಗುತ್ತವೆ. ಓದಿದ ಮೇಲೆ ಆ ಮನುಷ್ಯ ಏನು ಮಾಡುತ್ತಿದ್ದರು ಎನ್ನುವುದು ಗೊತ್ತಾಗುವುದಿಲ್ಲ. ಬರೆಯುವವರಿಗೆ ಪ್ರಶ್ನೆ ಹಂಚಿಬಿಡಿ. ಒಬ್ಬರು ಪ್ರಾಕ್ಟಿಕಲ್ ತರಗತಿಯಲ್ಲಿ ಅಡ್ಡಸೀಳಿಕೆ ಕತ್ತರಿಸುವುದನ್ನು ಅವರು ಕಲಿಸಿದ ಕ್ರಮ ಬರೆಯಲಿ: ಬ್ಲೇಡು ಹೇಗೆ ಹಿಡಿಸುತ್ತಿದ್ದರು, ಸಫ್ರಾನಿನ್ ಎಂಬ ಕೆಂಪು ಬಣ್ಣದಲ್ಲಿ ಎಷ್ಟು ಹೊತ್ತು ಇಡಿಸುತ್ತಿದ್ದರು. ಇನ್ನೊಬ್ಬರು ಭಾನುವಾರದ ನಡಿಗೆಯ ದಾರಿಯನ್ನು ಮರದಿಂದ ಮರಕ್ಕೆ ಬರೆಯಲಿ. ಮತ್ತೊಬ್ಬರು ಹೈಸ್ಕೂಲಿಗೆ ಒಯ್ಯುತ್ತಿದ್ದ ಪೆಟ್ಟಿಗೆಯಲ್ಲಿ ಏನೇನಿತ್ತು ಎಂದು ಬರೆಯಲಿ. ಒಂದು ಲೇಖನಕ್ಕೆ 600 ಪದ ಮೀರದಿರಲಿ.

ಇಸವಿಗಳನ್ನು ನೆನಪಿನಿಂದ ಹಾಕಬೇಡಿ. ಹುಟ್ಟಿದ ದಿನಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಸೇವಾ ಪುಸ್ತಕ ಎರಡನ್ನೂ ನೋಡಿ, ಹಳೆಯ ತಲೆಮಾರಿನಲ್ಲಿ ಶಾಲೆಗೆ ಸೇರಿಸುವಾಗ ಬರೆಸಿದ ತಾರೀಖಿಗೂ ನಿಜಕ್ಕೂ ವ್ಯತ್ಯಾಸ ಇರುತ್ತದೆ. ಪುಸ್ತಕದಲ್ಲಿ ದಾಖಲೆಯದನ್ನು ಹಾಕಿ, ಮನೆಯವರು ಹೇಳುವುದು ಬೇರೆಯಾದರೆ ಅದನ್ನೂ ಒಂದು ಸಾಲಿನಲ್ಲಿ ಹೇಳಿ. ‘ದಾವಣಗೆರೆ ವಿಶ್ವವಿದ್ಯಾಲಯದಿಂದ 1980ರಲ್ಲಿ’ ಎಂಬಂಥ ಸಾಲು ನುಸುಳದಂತೆ ನೋಡಿಕೊಳ್ಳಿ. ಆ ವಿಶ್ವವಿದ್ಯಾಲಯ 2009ರದು, ಕುವೆಂಪು ವಿಶ್ವವಿದ್ಯಾಲಯ 1987ರದು. ‘ಜಿಲ್ಲೆಯಲ್ಲೇ ಮೊದಲಿಗರು’ ಎಂಬ ಮಾತು ಪುರಾವೆ ಇಲ್ಲದಿದ್ದರೆ ಬೇಡ. ಅವರಂಥ ಶಿಸ್ತಿನವರ ಪುಸ್ತಕದಲ್ಲಿ ಅದು ಶೋಭಿಸುವುದಿಲ್ಲ.

ಡಿಟಿಪಿಯಲ್ಲಿ ಒಂದು ದೊಡ್ಡ ಅಪಾಯ ಇದೆ. ಲೇಖನಗಳು ಕೆಲವು ಯೂನಿಕೋಡಿನಲ್ಲಿ, ಕೆಲವು ‘ನುಡಿ’ ಅಥವಾ ‘ಶ್ರೀಲಿಪಿ’ ಎಂಬ ಹಳೆಯ ತಂತ್ರಾಂಶಗಳಲ್ಲಿ ಬರುತ್ತವೆ. ಎಲ್ಲವನ್ನೂ ಒಟ್ಟಿಗೆ ಪರಿವರ್ತಕಕ್ಕೆ ಹಾಕಿದರೆ ನಡುವೆ ಇಂಗ್ಲಿಷ್ ಅಕ್ಷರದಲ್ಲಿದ್ದ ಸಸ್ಯನಾಮಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಹೊರಬರುತ್ತವೆ. ಕನ್ನಡ ಮಾತ್ರ ಓದುವ ಕರಡು ತಿದ್ದುವವರಿಗೆ ಅದು ಏನೋ ಗಿಡದ ಹೆಸರಿರಬೇಕು ಎನಿಸಿ ಹಾಗೇ ಉಳಿಯುತ್ತದೆ. ಪರಿವರ್ತನೆಗೆ ಮುಂಚೆ ಪ್ರತಿ ಲ್ಯಾಟಿನ್ ಹೆಸರಿನ ಜಾಗದಲ್ಲಿ ಒಂದು ಸಂಖ್ಯೆ ಇಟ್ಟು, ಆಮೇಲೆ ಹೆಸರನ್ನು ಕೈಯಿಂದಲೇ ಕೂರಿಸಿ. ಓರೆ ಅಕ್ಷರ, ಕುಲದ ಮೊದಲ ಅಕ್ಷರ ದೊಡ್ಡದು, ಪ್ರಭೇದದ್ದು ಚಿಕ್ಕದು. ಕೊನೆಯ ಕರಡನ್ನು ಸಸ್ಯಶಾಸ್ತ್ರ ಬಲ್ಲ ಒಬ್ಬರು ಹೆಸರುಗಳಿಗೋಸ್ಕರವೇ ಓದಬೇಕು. ಅರ್ಕಾವೊತ್ತು ಜಾಗ ತಪ್ಪಿದೆಯೇ ಎಂದು ಇನ್ನೊಬ್ಬರು.

ಪುಸ್ತಕಕ್ಕೆ ಡೆಮಿ ಅಷ್ಟದಳ ಅಳತೆ ಇಟ್ಟರೆ 16 ಪುಟಕ್ಕೆ ಒಂದು ಫಾರಂ, ಅಂದರೆ ಅಚ್ಚಿನ ಒಂದು ದೊಡ್ಡ ಹಾಳೆ. 112 ಪುಟ ಎಂದರೆ ಏಳು ಫಾರಂ, 115 ಪುಟ ಆಗಿಬಿಟ್ಟರೆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ ಎಳೆಯಬೇಕಾಗುತ್ತದೆ. 300 ಪ್ರತಿ ಸಾಕಾದರೆ ಡಿಜಿಟಲ್ ಮುದ್ರಣ, ಸಾವಿರದ ಹತ್ತಿರ ಹೋದರೆ ಆಫ್‌ಸೆಟ್. ಹಾಳೆಗಳ ಚಿತ್ರವನ್ನು ಬಣ್ಣದ ಒಂದೇ ಫಾರಂನಲ್ಲಿ ಒಟ್ಟಿಗೆ ಕೊಡಿ, ವೆಚ್ಚ ಇಳಿಯುತ್ತದೆ. ಮೇಷ್ಟ್ರ ಸ್ವಂತ ಬರಹದ ಹಕ್ಕು ವಾರಸುದಾರರದು, ತೀರಿಕೊಂಡ ಮೇಲೆ 60 ವರ್ಷದ ತನಕ. ಅವರ ಸಹಿ ಇರುವ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆ ಉಚಿತ, ಅಚ್ಚಿಗೆ ಹೋಗುವ ಸಾಕಷ್ಟು ಮೊದಲೇ ಅರ್ಜಿ ಹಾಕಿ. ಅಚ್ಚಾದ ಮೇಲೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಮತ್ತು ಚೆನ್ನೈ, ಮುಂಬೈ, ದೆಹಲಿಯ ಠೇವಣಿ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ 30 ದಿನದೊಳಗೆ ಕಳಿಸುವುದು 1954ರ ಕಾಯ್ದೆಯ ಪ್ರಕಾರ ಪ್ರಕಾಶಕರ ಹೊಣೆ. ನಮ್ಮ ಕಡೆಯ ಸ್ಮರಣ ಸಂಚಿಕೆಗಳು ಇದನ್ನು ಮಾಡದೆ ಕಾಣೆಯಾಗುತ್ತವೆ.

ಕಮರದ ನೆರಳು

ಉಳಿದದ್ದು ಭಾನುವಾರದ ನಡಿಗೆ, ರಕ್ತದಾನ, ಗಿಡ ನೆಡುವುದು.

ಅವರ ಹೆಸರಲ್ಲಿ ನೂರು ಗಿಡ ಎಂದು ಯಾರಾದರೂ ಖಂಡಿತ ಹೇಳುತ್ತಾರೆ. ಜೋಗಿಮಟ್ಟಿ ವನ್ಯಜೀವಿಧಾಮ, ಅಲ್ಲಿ ನೆಡುವುದು ನಮ್ಮ ಕೆಲಸವಲ್ಲ. ಚಳ್ಳಕೆರೆ ಕಡೆಯ ಕಾವಲು ಬಯಲನ್ನು ಪಾಳು ಎಂದು ತಿಳಿದು ಗಿಡ ತುಂಬಿದರೆ ಹುಲ್ಲನ್ನೇ ನಂಬಿದ ಹಕ್ಕಿ, ಮಿಗಗಳಿಗೆ ನೆಲೆ ತಪ್ಪುತ್ತದೆ. ಶಾಲೆಯ ಅಂಗಳದಲ್ಲಿ ಹತ್ತು ನೆಟ್ಟು ಹತ್ತನ್ನೂ ಬದುಕಿಸಿ. ಬೇವು, ಹೊಂಗೆ, ಹುಣಸೆ ಬೇಗ ಹಿಡಿಯುತ್ತವೆ. ಕಮರ ಬೇಕೇಬೇಕು ಎನ್ನುವುದಾದರೆ ದೊಡ್ಡ ಸಸಿ ತರಬೇಡಿ. ಅದು ಎಳೆಯದರಲ್ಲೇ ತಾಯಿಬೇರನ್ನು ಆಳಕ್ಕೆ ಇಳಿಸುವ ಮರ, ಚೀಲದಲ್ಲಿ ಬೇರು ಸುತ್ತಿಕೊಂಡರೆ ನೆಟ್ಟ ಮೇಲೆ ಏಳುವುದೇ ಇಲ್ಲ. ಮುಂಗಾರು ಹಿಡಿದ ಮೇಲೆ ಬೀಜವನ್ನೇ ನೆಲಕ್ಕೆ ಹಾಕಿ. ಮೊದಲ ವರ್ಷಗಳಲ್ಲಿ ಮೇಲೆ ಬೆಳೆದಂತೆ ಕಾಣದಿದ್ದರೆ ಕೀಳಬೇಡಿ, ಕೆಳಗೆ ಬೆಳೆಯುತ್ತಿರುತ್ತದೆ. ಬೇರೆ ಸಸಿಗಳಿಗೆ ಎರಡಡಿ ಗುಂಡಿ, ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ 15–20 ಲೀಟರ್ ನೀರು, ಮೇಕೆಗೆ ಸಿಗದಂತೆ ಬೇಲಿ.

ರಕ್ತದಾನ ಶಿಬಿರ ಏಪ್ರಿಲ್ ಮೇನಲ್ಲಿ ಬಿದ್ದರೆ ಬೆಳಗ್ಗೆ 8ರಿಂದ 11ರೊಳಗೆ ಮುಗಿಸಿ, ಬಿಸಿಲಿಗೆ ತಲೆಸುತ್ತುವವರು ಹೆಚ್ಚು. ಪರವಾನಗಿ ಇರುವ ರಕ್ತಕೇಂದ್ರವೇ ನಡೆಸಬೇಕು. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕೆಜಿ, ಹಿಮೋಗ್ಲೋಬಿನ್ 12.5. ಹಿಂದಿನ ದಾನಕ್ಕೂ ಇದಕ್ಕೂ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ. ಖಾಲಿ ಹೊಟ್ಟೆಯಲ್ಲಿ ಬಂದವರನ್ನು ಮೊದಲು ತಿಂಡಿಗೆ ಕೂರಿಸಿ.

ನಡಿಗೆಗೆ ಒಂದು ಸಲಕ್ಕೆ ಹದಿನೈದು ಜನ ಸಾಕು, ಹಿಂದೆ ನಿಂತವರಿಗೂ ಎಲೆ ಕಾಣಬೇಕು. ಅರಣ್ಯ ಇಲಾಖೆಗೆ ಮೊದಲೇ ಪತ್ರ ಕೊಡಿ. ಒಳಗೆ ಗಿಡ ಕೀಳುವುದು ಬೇಡ. ಒತ್ತುವುದನ್ನು ಕಲಿಸಲು ಊರೊಳಗಿನ ಬೇಲಿ, ಹೊಲದ ಬದು ಧಾರಾಳ. ಅಲ್ಲೂ ಒಂದು ಕೀಳುವ ಮೊದಲು ಕಣ್ಣಳತೆಯಲ್ಲಿ ಅದೇ ಗಿಡ ಇಪ್ಪತ್ತಾದರೂ ಇರಬೇಕು ಎಂಬ ನಿಯಮ ಇಟ್ಟುಕೊಳ್ಳಿ. ಪೇಪರು ಮೊದಲ ಮೂರು ದಿನ ದಿನಕ್ಕೊಮ್ಮೆ ಬದಲಿಸಬೇಕು, ಆಮೇಲೆ ದಿನ ಬಿಟ್ಟು ದಿನ. ಮಳೆಗಾಲದಲ್ಲಿ ಮೊದಲ ದಿನವೇ ಎರಡು ಸಲ. ಬದಲಿಸದಿದ್ದರೆ ಎಲೆ ಕಪ್ಪಾಗಿ ಕೀಲು ಬಿಟ್ಟು ಉದುರುತ್ತದೆ. ಕಳ್ಳಿಯಂಥ ರಸದ ಗಿಡಗಳು ಪೇಪರಿನೊಳಗೂ ವಾರಗಟ್ಟಲೆ ಜೀವ ಹಿಡಿದಿರುತ್ತವೆ. ದೊಡ್ಡವರು ಯಾರಾದರೂ ಅವನ್ನು ಕುದಿನೀರಲ್ಲಿ ಕೆಲವು ಸೆಕೆಂಡು ಅದ್ದಿ ಒರೆಸಿ ಆಮೇಲೆ ಒತ್ತಬೇಕು. ಕಳ್ಳಿಯ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಒಂದು ವಿಷಯ ಈಗಲೇ ತೀರ್ಮಾನ ಮಾಡಿಕೊಳ್ಳಿ. ಮಕ್ಕಳು ಒತ್ತಿದ ಗಿಡಕ್ಕೆ ಮೇಷ್ಟ್ರ ಸರಣಿಯ ಮುಂದಿನ ಸಂಖ್ಯೆ ಕೊಡೋಣ ಎಂದು ಪ್ರೀತಿಯಿಂದ ಯಾರಿಗಾದರೂ ಅನಿಸಬಹುದು. ಬೇಡ. ಸಂಗ್ರಹದ ಸಂಖ್ಯೆ ಸಂಗ್ರಹಿಸಿದವರ ಹೆಸರಿನ ಜೊತೆ ಹೋಗುತ್ತದೆ, ಅವರದಲ್ಲದ ಗಿಡ ಅವರ ಹೆಸರಿಗೆ ಬಿದ್ದರೆ ಮುಂದೆ ಹುಡುಕುವವರಿಗೆ ಇಡೀ ಸರಣಿಯ ಮೇಲೇ ಅನುಮಾನ ಬರುತ್ತದೆ. ಕೊನೆಯ ಟಿಪ್ಪಣಿ ಪುಸ್ತಕದಲ್ಲಿ ಅವರು ಬರೆದ ಕೊನೆಯ ಸಂಖ್ಯೆ ಯಾವುದೆಂದು ನೋಡಿ ಪಟ್ಟಿಯಲ್ಲಿ ಗುರುತು ಮಾಡಿಕೊಳ್ಳಿ, ಅದು ಅಲ್ಲಿಗೇ ನಿಲ್ಲಲಿ. ಭಾನುವಾರದ ಮಕ್ಕಳಿಗೆ ಆಳಿಗೊಂದು ಪೆನ್ಸಿಲು, ಒಂದು ಪುಸ್ತಕ ಕೊಟ್ಟು ತಂತಮ್ಮ ಹೆಸರಿನಲ್ಲಿ 1ರಿಂದ ಶುರುಮಾಡಿಸಿ.